ಪ್ರೈಮರಿ ಮಕ್ಕಳಿಗೆ ಧರ್ಮೋಪದೇಶ ಕ್ಲಾಸ್ ತಗೊಳ್ಳೋದು ಹೇಗೆ, ವಿಶ್ವಾಸಕ್ಕೆ ಮಾರ್ಕ್ಸ್ ಹಾಕದೇ

ಕಥೋಲಿಕ ಶಾಲೇಲಿ ಧರ್ಮೋಪದೇಶದ, ಅಂದ್ರೆ ಕ್ರೈಸ್ತ ವಿಶ್ವಾಸದ ಪಾಠ ಹೇಳೋ ಪೀರಿಯಡ್ ಹೊಸದಾಗಿ ನಿಮ್ಮ ತಲೆ ಮೇಲೆ ಬಿದ್ದಿದ್ರೆ ಇದು ನಿಮಗೇ. ನಾನು ಮೊದಲ ವರ್ಷ ಪೂರ್ತಿ ಪ್ರಶ್ನೆ-ಉತ್ತರ ಬಾಯಿಪಾಠ ಮಾಡಿಸ್ದೆ, ಮಕ್ಕಳು ಚೆನ್ನಾಗೇ ಒಪ್ಪಿಸ್ತಿದ್ರು, ನಂಗೂ ಖುಷಿ. ಒಂದಿನ ಎಂಟು ವರ್ಷದ ಹುಡುಗ ಚರ್ಚಿನ ಏಳು ಸಂಸ್ಕಾರಗಳನ್ನ (ದೀಕ್ಷಾಸ್ನಾನ, ಮದುವೆ ಥರದ ಪವಿತ್ರ ವಿಧಿಗಳು) ಒಂದೇ ಉಸಿರಲ್ಲಿ ಹೇಳಿ ಮುಗಿಸಿ, ಕೂತ್ಕೊಳ್ಳೋಕೆ ಮುಂಚೆ ಕೇಳ್ದ, "ಮಿಸ್, ಇದ್ರಲ್ಲಿ ನಂಗೆ ಯಾವ್ದಾದ್ರೂ ಆಗಿದ್ಯಾ?" ದೀಕ್ಷಾಸ್ನಾನ, ಅಂದ್ರೆ ನೀರು ಹಾಕಿ ಚರ್ಚಿಗೆ ಸೇರಿಸ್ಕೊಳ್ಳೋ ವಿಧಿ, ಆ ಪದ ಬಾಯಲ್ಲಿದೆ, ಅದು ತನಗೇ ಆಗಿರೋದು ಅಂತ ಗೊತ್ತಿಲ್ಲ. ತಪ್ಪು ಅವನದಲ್ಲ, ಪಾಠ ಮಾಡಿದ ನಂದು.

ಮೊದಲು ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳಿ. ಧರ್ಮದ ಬಗ್ಗೆ ಕಲಿಸೋದು ಬೇರೆ, ವಿಶ್ವಾಸದಲ್ಲಿ ಬೆಳೆಸೋದು ಬೇರೆ. 2009ರಲ್ಲಿ ವ್ಯಾಟಿಕನ್‌ನ ಶಿಕ್ಷಣ ವಿಭಾಗ ಎಲ್ಲಾ ದೇಶದ ಧರ್ಮಾಧ್ಯಕ್ಷರ (ಬಿಷಪ್‌ಗಳ) ಮಂಡಳಿಗಳಿಗೆ ಬರೆದ ಪತ್ರದಲ್ಲೂ ಇದೇ ಇದೆ, ಶಾಲೆಯ ಧಾರ್ಮಿಕ ಶಿಕ್ಷಣ ಮತ್ತೆ ಚರ್ಚಿನ ಧರ್ಮೋಪದೇಶ ಎರಡೂ ಒಂದಕ್ಕೊಂದು ಪೂರಕ, ಆದ್ರೆ ಒಂದೇ ಅಲ್ಲ ಅಂತ. ಶಾಲೇಲಿ ಮುಖ್ಯವಾಗಿ ತಿಳುವಳಿಕೆ ಕೊಡ್ತೀವಿ, ಅದನ್ನ ಪರೀಕ್ಷೆ ಮಾಡಬಹುದು. ವಿಶ್ವಾಸಕ್ಕೆ ನಾವು ಜಾಗ ಮಾಡಿಕೊಡಬಹುದು ಅಷ್ಟೇ. ಬೈಬಲ್‌ನಲ್ಲಿ 73 ಪುಸ್ತಕ, ಹಳೇ ಒಡಂಬಡಿಕೇಲಿ 46, ಹೊಸದ್ರಲ್ಲಿ 27, ಇದನ್ನ ಕೇಳಿ ಮಾರ್ಕ್ಸ್ ಕೊಡಿ, ಪರವಾಗಿಲ್ಲ. "ಭಾನುವಾರ ಪೂಜೆಗೆ ಯಾರ್ಯಾರು ಹೋಗಿದ್ರಿ ಕೈ ಎತ್ತಿ" ಅಂತ ಮಾತ್ರ ದಯವಿಟ್ಟು ಕೇಳಬೇಡಿ. ಏಳು ವರ್ಷದ ಮಗು ತಾನಾಗೇ ಚರ್ಚಿಗೆ ಹೋಗಲ್ಲ, ಮನೆಯವರು ಕರ್ಕೊಂಡು ಹೋದ್ರೆ ಹೋಗುತ್ತೆ, ಅವರು ಹೋಗದೇ ಇದ್ದಿದ್ದಕ್ಕೆ ಎಲ್ಲರ ಮುಂದೆ ತಲೆ ತಗ್ಗಿಸೋದು ಆ ಮಗು.

ವರ್ಷದ ಪ್ಲಾನ್ ಮಾಡುವಾಗ ಪುಸ್ತಕದ ಪಾಠದ ಕ್ರಮ ಹಿಡ್ಕೊಂಡು ಹೋಗ್ಬೇಡಿ, ಪೂಜಾ ಕ್ಯಾಲೆಂಡರ್ ಮುಂದಿಟ್ಕೊಳ್ಳಿ. ಕ್ರಿಸ್ಮಸ್ ಮುಂಚೆ ಆಗಮನ ಕಾಲದ ನಾಲ್ಕು ಭಾನುವಾರ, ಬೂದಿ ಬುಧವಾರದಿಂದ ತಪಸ್ಸು ಕಾಲ (ಈಸ್ಟರ್‌ಗೆ ಮುಂಚಿನ ಉಪವಾಸ, ಪ್ರಾರ್ಥನೆ ದಿನಗಳು), ಆಮೇಲೆ ಈಸ್ಟರ್‌ನಿಂದ ಪೆಂಟೆಕೋಸ್ಟ್ (ಪವಿತ್ರಾತ್ಮ ಇಳಿದು ಬಂದ ಹಬ್ಬ) ತನಕ 50 ದಿನದ ಹಬ್ಬ. ಈ 50 ದಿನಾನ ನಾವೆಲ್ಲ ಮರೆತೇ ಬಿಡ್ತೀವಿ, ತಪಸ್ಸು ಕಾಲ ಪೂರ್ತಿ ಮಕ್ಕಳನ್ನ ಅಳೋ ಹಾಗೆ ಮಾಡಿ ಈಸ್ಟರ್ ಆದ ಮಾರನೇ ದಿನ ಬೇರೆ ಪಾಠ ಶುರು ಮಾಡ್ತೀವಿ! ಭಾನುವಾರ ಪೂಜೇಲಿ ಓದೋ ಶುಭಸಂದೇಶ, ಅಂದ್ರೆ ಯೇಸುವಿನ ಕಥೆ ಇರೋ ಬೈಬಲ್ ಭಾಗ, ಮೂರು ವರ್ಷದ ಸುತ್ತಲ್ಲಿ ಬರುತ್ತೆ, ಮುಖ್ಯವಾಗಿ ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ, ಸೋ ಈ ವರ್ಷ ಯಾವುದು ನಡೀತಿದೆ ನೋಡ್ಕೊಂಡು ಕಥೆಗಳನ್ನ ಅದರಿಂದಲೇ ಆರಿಸಿದ್ರೆ ಕ್ಲಾಸಲ್ಲಿ ಕೇಳಿದ್ದೇ ಚರ್ಚಲ್ಲೂ ಮಗು ಕಿವಿಗೆ ಬೀಳುತ್ತೆ.

ಕ್ಲಾಸಿನ ಒಂದು ಮೂಲೇಲಿ ಪ್ರಾರ್ಥನೆಗೆ ಅಂತ ಸಣ್ಣ ಟೇಬಲ್ ಇಡಿ. ಒಂದು ಶಿಲುಬೆ, ಬೈಬಲ್, ಮೇಣದಬತ್ತಿ, ಕಾಲಕ್ಕೆ ತಕ್ಕ ಬಣ್ಣದ ಬಟ್ಟೆ, ಅಷ್ಟೇ. ಈ ವಿಶೇಷ ಕಾಲಗಳು ಬಿಟ್ಟು ಉಳಿದ ಸಾಮಾನ್ಯ ಕಾಲಕ್ಕೆ ಹಸಿರು, ಆಗಮನ ಮತ್ತು ತಪಸ್ಸು ಕಾಲಕ್ಕೆ ನೇರಳೆ, ಕ್ರಿಸ್ಮಸ್ ಈಸ್ಟರ್‌ಗೆ ಬಿಳಿ, ಪೆಂಟೆಕೋಸ್ಟಿಗೆ ಕೆಂಪು. ಬಟ್ಟೆ ಬದಲಾಯಿಸೋದು ಮಕ್ಕಳ ಕೆಲಸ, ನೀವು ಮಾಡ್ಬೇಡಿ. ತಪಸ್ಸು ಕಾಲದಲ್ಲಿ ಅಲ್ಲೆಲೂಯ (ದೇವರಿಗೆ ಸ್ತುತಿ ಅನ್ನೋ ಖುಷಿಯ ಪದ) ಹಾಡಲ್ಲ ಅಲ್ವಾ, ಹಾಗಾಗಿ ಆ ಕಾಲ ಶುರುವಾಗೋ ಮುಂಚಿನ ದಿನ ಆ ಪದಾನ ದೊಡ್ಡ ಪೇಪರ್ ಮೇಲೆ ಬರೆಸಿ, ಬಣ್ಣ ಹಚ್ಚಿಸಿ, ಡಬ್ಬಿಗೆ ಹಾಕಿ ಮುಚ್ಚಿಸಿಡಿ, ಈಸ್ಟರ್ ಆದ ಮೇಲೆ ತೆಗೆಸಿ. ಡಬ್ಬಿ ಯಾವಾಗ ಓಪನ್ ಮಾಡ್ತೀರಾ ಅಂತ ವಾರ ವಾರಾ ಪೀಡಿಸ್ತಾರೆ, ಕಾಯೋದು ಅಂದ್ರೆ ಏನು ಅಂತ ಬೇರೆ ಪಾಠ ಬೇಡ. ಮೌನಾನೂ ಕಲಿಸಬೇಕಾಗುತ್ತೆ, ಮೊದಲು ಹತ್ತೇ ಸೆಕೆಂಡ್, ಬರ್ತಾ ಬರ್ತಾ ಒಂದು ನಿಮಿಷ.

ಕಥೆ ಹೇಳೋದು ಇಡೀ ಕೆಲಸದ ಪ್ರಾಣ. ರೋಮ್‌ನಲ್ಲಿ 1954ರಲ್ಲಿ ಸೋಫಿಯಾ ಕವಲ್ಲೆತ್ತಿ ಅನ್ನೋ ಬೈಬಲ್ ವಿದ್ವಾಂಸೆ, ಮಾಂಟೆಸ್ಸರಿ ಪದ್ಧತಿಯ ಜಿಯಾನ್ನ ಗೊಬ್ಬಿ ಜೊತೆ ಸೇರಿ ಒಂದು ರೀತಿ ಶುರು ಮಾಡಿದ್ರು, ಸಣ್ಣ ಸಣ್ಣ ಗೊಂಬೆ ಇಟ್ಕೊಂಡು ಕಡಿಮೆ ಮಾತಲ್ಲಿ ಕಥೆ ಹೇಳಿ ಆಮೇಲೆ ಮಗೂನೇ ಆ ಗೊಂಬೆ ಮುಟ್ಟಿ ಯೋಚನೆ ಮಾಡೋಕೆ ಬಿಡೋದು. ನಾನು ರಟ್ಟಲ್ಲಿ ಕತ್ತರಿಸಿದ ಕುರಿ ಬಳಸ್ತೀನಿ, ಅದೂ ನಡೆಯುತ್ತೆ. ಲೂಕ 15ರ ಕಳೆದುಹೋದ ಕುರಿ ಕಥೆ ಹೇಳಿ, ಕುರುಬ ಆ ಒಂದನ್ನ ಹುಡುಕೋಕೆ ಹೊರಟ ಅನ್ನೋ ಹೊತ್ತಿಗೆ ಒಬ್ಬಳು ಕೇಳಿದ್ಲು, "ಉಳಿದ 99 ಕುರಿಗೆ ಭಯ ಆಗಲ್ವಾ?" ನಾನು ಏನೋ ಉತ್ತರ ಜೋಡಿಸ್ಕೊಳ್ತಾ ಇದ್ದೆ, ಅಷ್ಟರಲ್ಲಿ ಪಕ್ಕದಲ್ಲಿದ್ದವನು ಹೇಳ್ದ, "ಅವು ಜೊತೆಗಿದಾವಲ್ಲ, ಅದು ಒಂದೇ ಇದೆ." ನಾನು ಬಾಯಿ ಮುಚ್ಕೊಂಡೆ. ಅವತ್ತಿಂದ ಕಥೆ ಮುಗಿದ ಮೇಲೆ "ಆದ್ದರಿಂದ ಮಕ್ಕಳೇ" ಅನ್ನೋದನ್ನ ಬಿಟ್ಟೆ, ನೀವೂ ಬಿಡಿ. ಯಾವ ಭಾಗ ಇಷ್ಟ ಆಯ್ತು, ಇದರಲ್ಲಿ ನೀನು ಎಲ್ಲಿದೀಯಾ, ಈ ಎರಡು ಪ್ರಶ್ನೆ ಕೇಳಿ ಸುಮ್ಮನಿರಿ.

ಕಷ್ಟದ ಪ್ರಶ್ನೆ ಬಂದೇ ಬರುತ್ತೆ. ತಾತನಿಗೋಸ್ಕರ ಪ್ರಾರ್ಥನೆ ಮಾಡಿದೆ, ಆದ್ರೂ ಯಾಕೆ ಸತ್ತೋದ್ರು? ಆಗ "ದೇವರಿಗೆ ತುಂಬಾ ಇಷ್ಟ ಆದ್ರು ಅದಕ್ಕೆ ಕರ್ಕೊಂಡ" ಅಂತ ಮಾತ್ರ ಹೇಳಬೇಡಿ, ಹಾಗಂದ್ರೆ ದೇವರಿಗೆ ಇಷ್ಟ ಆಗೋಕೇ ಮಗು ಹೆದರುತ್ತೆ. ನಂಗೂ ಗೊತ್ತಿಲ್ಲ ಪುಟ್ಟ, ಸ್ನೇಹಿತ ಲಾಜರ ಸತ್ತಾಗ ಯೇಸೂನೂ ಅತ್ರು ಅಂತ ಹೇಳಿ ಪಕ್ಕದಲ್ಲಿ ಕೂತ್ಕೊಳ್ಳಿ.

ಮೊದಲ ಪರಮಪ್ರಸಾದದ (ಪೂಜೇಲಿ ಯೇಸುವಿನ ಶರೀರ ಅಂತ ಕೊಡೋ ರೊಟ್ಟಿಯನ್ನ ಮಗು ಮೊದಲ ಸಲ ತಗೊಳ್ಳೋದು) ತಯಾರಿ ನಿಮ್ಮ ಕ್ಲಾಸಿಗೆ ಬಂದ್ರೆ ಸ್ವಲ್ಪ ಹುಷಾರು. ಹಿಂದೆ ಎಷ್ಟೋ ಕಡೆ ಹತ್ತು ಹನ್ನೆರಡು ವರ್ಷ ಆಗೋ ತನಕ ಕಾಯಿಸ್ತಿದ್ರು, 1910ರಲ್ಲಿ ಹತ್ತನೇ ಪಿಯುಸ್ ಜಗದ್ಗುರುಗಳು (ಪೋಪ್) ಸುಮಾರು ಏಳು ವರ್ಷಕ್ಕೆ, ಅಂದ್ರೆ ಬುದ್ಧಿ ತಿಳಿಯೋ ವಯಸ್ಸಿಗೆ ಕೊಡಬಹುದು ಅಂತ ಮಾಡಿದ್ರು. ಮಗು ಎಲ್ಲಾ ಸಿದ್ಧಾಂತ ಅರೆದು ಕುಡಿದಿರಬೇಕಿಲ್ಲ, ಇದು ಮಾಮೂಲಿ ರೊಟ್ಟಿ ಅಲ್ಲ ಯೇಸು ಅಂತ ತನ್ನ ಮಟ್ಟಕ್ಕೆ ತಿಳಿದಿರಬೇಕು. ಅದಕ್ಕೆ ಮುಂಚೆ ಪಾಪನಿವೇದನೆ, ಅಂದ್ರೆ ಫಾದರ್ ಹತ್ರ ತಪ್ಪು ಹೇಳ್ಕೊಂಡು ಕ್ಷಮೆ ಕೇಳೋದು. ಇಲ್ಲೇ ಎಲ್ಲರೂ ಎಡವೋದು, ಪಾಪದ ಲಿಸ್ಟ್ ಬರೆಸ್ತಾರೆ! ನಾನೂ ಒಂದ್ಸಲ ಬರೆಸಿದ್ದೆ, ಒಂದು ಚೀಟಿ ಬೆಂಚ್ ಕೆಳಗೆ ಬಿದ್ದು ಇನ್ನೊಬ್ಬ ಓದಿಬಿಟ್ಟ, ಆ ಮಗು ಮುಖ ಈಗಲೂ ಕಣ್ಣಲ್ಲಿದೆ. ಇನ್ನೊಬ್ಬಳು ಹತ್ರ ಬಂದು ಪಿಸುಗುಟ್ಟಿದ್ಲು, "ಮಿಸ್, ನಂಗೊಂದು ಪಾಪಾನೂ ನೆನಪಾಗ್ತಿಲ್ಲ, ಒಂದು ಸುಳ್ಳು ಹೇಳ್ಬಿಡ್ಲಾ?" ಬರೆಸಬೇಡಿ, ಏನು ಹೇಳ್ತೀಯಾ ಅಂತ ಕೇಳಲೂಬೇಡಿ. ಮನೇಲಿ, ಶಾಲೇಲಿ, ದೇವರ ಜೊತೆ ಹೇಗಿದ್ದೆ ಅಂತ ಮನಸ್ಸಲ್ಲೇ ನೆನೆಸ್ಕೊಳ್ಳೋಕೆ ಹೇಳಿ. ಫಾದರ್ ಇದನ್ನ ಯಾರಿಗೂ, ಅಪ್ಪ ಅಮ್ಮಂಗೂ ಹೇಳೋ ಹಾಗಿಲ್ಲ ಅಂತ ಎರಡು ಮೂರು ಸಲ ಹೇಳಿ, ಎಲ್ಲಿ ಕೂರಬೇಕು, ಎಲ್ಲಿಂದ ಎದ್ದು ಬರಬೇಕು ಅಂತ ಖಾಲಿ ಚರ್ಚಲ್ಲಿ ತೋರಿಸಿ, ಅರ್ಧ ಭಯ ಅಲ್ಲೇ ಹೋಗುತ್ತೆ. ಪರಮಪ್ರಸಾದದ ರೊಟ್ಟಿ ಗೋಧೀದು, ಗೋಧಿ ಮೈಗೆ ಆಗದ ಮಗು ಇದ್ರೆ ಫಾದರ್‌ಗೆ ಮೊದಲೇ ತಿಳಿಸಿ.

ಮಕ್ಕಳ ಬಲಿಪೂಜೆಗೆ (ಚರ್ಚಿನ ಪೂಜೆಗೆ) 1973ರಿಂದ ಪ್ರತ್ಯೇಕ ಮಾರ್ಗಸೂಚಿ ಇದೆ, ವಾಚನ ಕಡಿಮೆ ಮಾಡಬಹುದು, ಮೆರವಣಿಗೆ ಚಿತ್ರ ಎಲ್ಲಾ ಬಳಸಬಹುದು, ಫಾದರ್ ಜೊತೆ ಕೂತು ಮಾತಾಡಿ. ಪೂಜೇಲಿ ಎಲ್ಲರ ಪರವಾಗಿ ಬೇಡಿಕೊಳ್ಳೋ ವಿಶ್ವಾಸಿಗಳ ಪ್ರಾರ್ಥನೆ ಮಕ್ಕಳೇ ಬರೀಲಿ, ವ್ಯಾಕರಣ ತಿದ್ದೋಕೆ ಹೋಗ್ಬೇಡಿ.

ಬೇರೆ ಧರ್ಮದ ಮಕ್ಕಳೂ ಕ್ಲಾಸಲ್ಲಿ ಇರ್ತಾರೆ. ವಿಶ್ವಾಸಕ್ಕೆ ಯಾರನ್ನೂ ಬಲವಂತ ಮಾಡಬಾರದು ಅಂತ ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿದೆ. ಹಾಗಾಗಿ "ನಾವೆಲ್ಲಾ ನಂಬ್ತೀವಿ" ಅನ್ನೋ ಬದಲು "ಕಥೋಲಿಕರು ಹೀಗೆ ನಂಬ್ತಾರೆ" ಅನ್ನಿ, ಶಿಲುಬೆ ಗುರುತು ಹಾಕೋ ಹೊತ್ತಲ್ಲಿ ಅವರು ಸುಮ್ಮನೆ ನಿಂತಿದ್ರೆ ನಿಂತಿರಲಿ.

ಅದೇ 1965ರ ಮಹಾಸಭೆ, ಮಕ್ಕಳಿಗೆ ಮೊದಲ ಶಿಕ್ಷಕರು ತಂದೆ ತಾಯಿ ಅಂತಾನೂ ಹೇಳಿದೆ, ಅದನ್ನ ಓದಿ ಪೇರೆಂಟ್ಸ್ ಮೀಟಿಂಗಲ್ಲಿ ಅವರಿಗೇ ಉಪದೇಶ ಮಾಡೋಕೆ ಹೋಗ್ಬೇಡಿ, ಅರ್ಧ ಜನ ಎದ್ದು ಹೋಗ್ತಾರೆ, ಇನ್ನರ್ಧ ಫೋನ್ ನೋಡ್ತಾರೆ. ಹೋಂವರ್ಕ್ ಬದಲು ಮನೆಗೆ ಒಂದೇ ಒಂದು ಪ್ರಶ್ನೆ ಕಳಿಸಿ. ನಂಗೆ ದೀಕ್ಷಾಸ್ನಾನ ಯಾವತ್ತು ಆಯ್ತು, ಆವತ್ತು ಯಾರ್ಯಾರು ಬಂದಿದ್ರು ಅಂತ ಕೇಳ್ಕೊಂಡು ಬಾ, ಆಗದೇ ಇರೋರು ನಂಗೆ ಈ ಹೆಸರು ಯಾಕಿಟ್ರಿ ಅಂತ ಕೇಳ್ಕೊಂಡು ಬರಲಿ. ಏಳು ಸಂಸ್ಕಾರ ಒಪ್ಪಿಸಿದ್ದ ಆ ಹುಡುಗ ಮಾರನೇ ದಿನ ಡೇಟ್ ತರಲಿಲ್ಲ, ಫೋಟೋ ತಂದ. ಬಿಳಿ ಬಟ್ಟೆ ಸುತ್ತಿದ ಪಾಪು, ತಲೆ ಮೇಲೆ ನೀರು, ಬಾಯಿ ಅಷ್ಟಗಲ. "ನೋಡಿ ಮಿಸ್, ಎಷ್ಟು ಜೋರಾಗಿ ಅಳ್ತಿದೀನಿ!" ಅಂತ ಇಡೀ ಕ್ಲಾಸಿಗೆ ತೋರಿಸ್ಕೊಂಡು ಬಂದ.