ಬೇಸಿಗೆಯ ಕಾವೇರಿ ದಡದಲ್ಲಿ ಹಕ್ಕಿ ಮತ್ತು ಗಿಡಗಳನ್ನು ನೋಡುವ ಬಗೆ

ಬೇಸಿಗೆಯಲ್ಲಿ ಹಕ್ಕಿ ನೋಡಲು ಹೊರಡುವವರಿಗೆ ಕೆರೆಗಿಂತ ಹೊಳೆಯೇ ಮೇಲು. ಚಳಿಗಾಲದ ವಲಸೆ ಬಾತುಗಳಲ್ಲಿ ಹೆಚ್ಚಿನವು ಏಪ್ರಿಲ್ ಹೊತ್ತಿಗೆ ಉತ್ತರಕ್ಕೆ ಮರಳಿರುತ್ತವೆ, ಬಯಲುಸೀಮೆಯ ಅನೇಕ ಕೆರೆಗಳ ಅಂಗಳ ಬಿರುಕು ಬಿಟ್ಟಿರುತ್ತದೆ. ಅದೇ ಸಮಯದಲ್ಲಿ ಕಾವೇರಿಯ ನೀರು ಇಳಿದು, ಮಳೆಗಾಲದಿಂದ ಮುಳುಗಿದ್ದ ಬಂಡೆಗಳೂ ಮರಳುದಿಣ್ಣೆಗಳೂ ಮೇಲೆದ್ದು, ಅವನ್ನೇ ನಂಬಿ ಬದುಕುವ ಹಕ್ಕಿಗಳು ಮತ್ತು ಗಿಡಗಳು ಕಣ್ಣಿಗೆ ಬೀಳುತ್ತವೆ. ಶ್ರೀರಂಗಪಟ್ಟಣದ ಸುತ್ತಲಿನ ದಡವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಬಹುಪಾಲು ತುಂಗಭದ್ರೆಯ ದಡಕ್ಕೂ ಹೊಂದುತ್ತದೆ.

ಬೆಳಿಗ್ಗೆ ಆರು ಗಂಟೆಗೆ ದಡದಲ್ಲಿರಬೇಕು, ಒಂಬತ್ತರೊಳಗೆ ನೆರಳಿಗೆ ಮರಳಬೇಕು. ಕಾವೇರಿ ಇಲ್ಲಿ ಹೆಚ್ಚುಕಡಿಮೆ ಪೂರ್ವಕ್ಕೆ ಹರಿಯುವುದರಿಂದ, ಬೆಳಿಗ್ಗೆ ನೀರು ಬರುವ ದಿಕ್ಕಿಗೆ ಮುಖ ಮಾಡಿ ಕುಳಿತರೆ ಸೂರ್ಯ ಬೆನ್ನ ಹಿಂದಿರುತ್ತಾನೆ, ಹಕ್ಕಿಯ ಬಣ್ಣ ಸರಿಯಾಗಿ ಕಾಣುತ್ತದೆ. 8×42 ಅಳತೆಯ ಬೈನಾಕ್ಯುಲರ್, ಟಿಪ್ಪಣಿ ಪುಸ್ತಕ, ಟೋಪಿ, ಎರಡು ಲೀಟರ್ ನೀರು, ಇಷ್ಟಿದ್ದರೆ ಸಾಕು. ಅಲೆಯುವುದಕ್ಕಿಂತ ಒಂದೇ ಕಡೆ ಮುಕ್ಕಾಲು ಗಂಟೆ ಅಲುಗಾಡದೆ ಕುಳಿತವರಿಗೆ ಹೆಚ್ಚು ಕಾಣುತ್ತದೆ ಎಂಬುದು ನನ್ನ ಅನುಭವ.

ಮೊದಲು ನೋಡಬೇಕಾದದ್ದು ನದಿ ರೀವ. ಕಪ್ಪು ನೆತ್ತಿ, ಹಳದಿ ಕೊಕ್ಕು, ಕೆಂಪು ಕಾಲು ಮತ್ತು ಕವಲೊಡೆದ ಬಾಲದ ಈ ಹಕ್ಕಿ ಮಾರ್ಚ್‌ನಿಂದ ಮೇವರೆಗೆ ಬರಿಯ ಮರಳಿನಲ್ಲಿಯೋ ಬಂಡೆಯ ಮೇಲೆಯೋ ಮೊಟ್ಟೆಯಿಡುತ್ತದೆ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಇವು ದೊಡ್ಡ ಗುಂಪುಗಳಲ್ಲಿ ಮರಿ ಮಾಡುತ್ತವೆ. ಗೂಡೆಂಬುದೇ ಇಲ್ಲದ ಈ ಮೊಟ್ಟೆಗಳಿಗೆ ಬಿಸಿಲೇ ದೊಡ್ಡ ಶತ್ರು. ತಾಯಿಹಕ್ಕಿಯನ್ನು ನಾವು ಸ್ವಲ್ಪ ಹೊತ್ತು ಎಬ್ಬಿಸಿದರೂ ಒಳಗಿನ ಜೀವ ಸುಟ್ಟುಹೋಗಬಹುದು. ಆದ್ದರಿಂದ ರೀವ ತಲೆಯ ಮೇಲೆ ಸುತ್ತುತ್ತ ಕೂಗತೊಡಗಿದರೆ, ಬಂದ ಹೆಜ್ಜೆಯಲ್ಲೇ ಹಿಂದಿರುಗುವುದು ಸರಿಯಾದ ಕ್ರಮ.

ಇದನ್ನು ನಾನು ಟಿಟ್ಟಿಭದಿಂದ ಕಲಿತೆ. ದೂರದ ಬಂಡೆಯನ್ನು ಬೈನಾಕ್ಯುಲರ್‌ನಲ್ಲಿ ನೋಡುತ್ತಲೇ ನಡೆಯುತ್ತಿದ್ದಾಗ ಅದು ಕಿವಿಯ ಪಕ್ಕದಲ್ಲೇ ಕಿರುಚಿ ಹಾರಿತು. ಕಣ್ಣು ಕೆಳಗಿಳಿಸಿದರೆ ಪಾದದಿಂದ ಒಂದು ಗೇಣು ದೂರದಲ್ಲಿ ನಾಲ್ಕು ಮೊಟ್ಟೆಗಳು, ಚೂಪಾದ ತುದಿಗಳನ್ನು ಒಳಮುಖವಾಗಿಟ್ಟುಕೊಂಡು, ಸುತ್ತಲಿನ ಕಲ್ಲುಗಳ ಬಣ್ಣದಲ್ಲೇ ಕುಳಿತಿದ್ದವು. ನಡೆಯುವಾಗ ನೆಲ ನೋಡಬೇಕು, ಹಕ್ಕಿ ನೋಡಬೇಕಾದರೆ ನಿಲ್ಲಬೇಕು.

ಮಣ್ಣಿನ ಕಡಿದಾದ ದಂಡೆಗಳಲ್ಲಿ ಸಾಲುಸಾಲು ತೂತುಗಳು ಕಂಡರೆ ಅಲ್ಲಿ ನೀಲಿಬಾಲದ ಕಳ್ಳಿಪೀರಗಳನ್ನು ಹುಡುಕಬಹುದು. ಊರೊಳಗಿನ ತಂತಿಗಳ ಮೇಲೆ ಕೂರುವ ಸಣ್ಣ ಹಸಿರು ಕಳ್ಳಿಪೀರಕ್ಕಿಂತ ಇದು ದೊಡ್ಡದು, ಕುತ್ತಿಗೆ ಕಂದು, ಬಾಲ ನೀಲಿ. ಬೇಸಿಗೆಯಲ್ಲಿ ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ಗುಂಪಾಗಿ ಬಿಲ ತೋಡಿ ಮರಿ ಮಾಡುತ್ತದೆ. ತುಂಬಿಯಂಥ ಹುಳುವನ್ನು ಹಿಡಿದು ತಂದ ಹಕ್ಕಿ ಬಿಲ ಹೊಗದೆ ಕೊಂಬೆಯ ಮೇಲೆ ಕಾಯುತ್ತಿದೆಯೆಂದರೆ ನೀವು ತೀರ ಹತ್ತಿರ ಬಂದಿದ್ದೀರಿ ಎಂದೇ ಅರ್ಥ. ಛಾಯಾಚಿತ್ರದ ಆಸೆಯಲ್ಲಿ ಇದನ್ನು ಮರೆಯುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಹೊಸಬರು 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು, ಗುರುತಿಸಲ್ಪಟ್ಟ ರಂಗನತಿಟ್ಟಿನ ದೋಣಿಯಿಂದ ಆರಂಭಿಸಬಹುದು. ಅಲ್ಲಿ ಬಣ್ಣದ ಕೊಕ್ಕರೆಯನ್ನು ಎಲ್ಲರೂ ತೋರಿಸುತ್ತಾರೆ. ನೀವು ಮಾತ್ರ ಬಂಡೆಗಳ ಮೇಲೆ ಕಣ್ಣಿಡಿ. ಹಳದಿ ಕಣ್ಣನ್ನು ಅರೆಮುಚ್ಚಿ ಕಲ್ಲಿನಂತೆಯೇ ನಿಂತಿರುವ ದೊಡ್ಡ ಕಲ್ಲುಗೊರವ ಅಲ್ಲಿರುತ್ತದೆ.

ಬಿಸಿಲೇರಿ ಹಕ್ಕಿಗಳು ಅಡಗಿದ ಮೇಲೆ ಗಿಡಗಳ ಸರದಿ. ದಡದ ದೊಡ್ಡ ಮರಗಳಲ್ಲಿ ತೊರೆಮತ್ತಿಯನ್ನು ಮೊದಲು ಗುರುತಿಸಿಕೊಳ್ಳಿ: ಬೂದುಬಿಳಿಯ ನುಣುಪು ತೊಗಟೆ ಹಾಳೆಯಂತೆ ಕಳಚುತ್ತದೆ, ಕಾಯಿಗೆ ಐದು ರೆಕ್ಕೆಗಳಿರುತ್ತವೆ. ಇದರ ನೆಂಟ, ಕಾಡಿನ ಮತ್ತಿಯ ತೊಗಟೆಯಾದರೋ ಮೊಸಳೆಯ ಬೆನ್ನಿನಂತೆ ಒರಟು. ನೀರಿನ ನಡುವಿನ ಬಂಡೆಸಂದುಗಳಲ್ಲಿ ಕಣಗಿಲೆಯಂಥ ನೀಳ ಎಲೆಯ, ಬಳುಕುವ ರೆಂಬೆಗಳ ಪೊದೆ ಕಂಡರೆ ಅದು ಹೊಮೊನೋಯಿಯಾ ರಿಪೇರಿಯಾ ಇರಬಹುದು. ಪ್ರವಾಹದಲ್ಲಿ ವಾರಗಟ್ಟಲೆ ಮುಳುಗಿದರೂ ಕಿತ್ತುಹೋಗದಂತೆ ಬೇರು ಬಿಟ್ಟಿರುವ ಗಿಡವದು.

ಇನ್ನೂ ವಿಚಿತ್ರವಾದವು ಪೊಡೊಸ್ಟೆಮೇಸೀ ಕುಟುಂಬದ ಗಿಡಗಳು. ರಭಸದ ನೀರಿರುವ ಬಂಡೆಗಳಿಗೆ ಪಾಚಿಯಂತೆ ಅಂಟಿಕೊಂಡಿರುವ ಇವು ವಾಸ್ತವವಾಗಿ ಹೂಬಿಡುವ ಸಸ್ಯಗಳು. ನೀರು ಇಳಿದು ಬಂಡೆ ಬಯಲಾದಾಗ ಅವಸರವಸರವಾಗಿ ಹೂಬಿಟ್ಟು, ಬೀಜ ಕಟ್ಟಿ ಒಣಗಿಬಿಡುತ್ತವೆ. ನೀರಿನಂಚಿನ ಬಂಡೆಯ ಮೇಲೆ ಒಣಗಿದ ಕಂದು ಸಿಪ್ಪೆಯನ್ನೂ ಅದರ ಮೇಲೆ ಗುಂಡುಸೂಜಿಯ ತಲೆಯಂಥ ಕಾಯಿಗಳನ್ನೂ ಭೂತಗನ್ನಡಿಯಿಂದ ನೋಡಿದರೆ ಇದು ತಿಳಿಯುತ್ತದೆ.

ಹಕ್ಕಿ ಮತ್ತು ಗಿಡ ಎರಡನ್ನೂ ಒಟ್ಟಿಗೆ ನೋಡಬೇಕೆಂದರೆ ಮಾವು, ಹೊಂಗೆಗಳ ಮೇಲೆ ಬೆಳೆಯುವ ಬದನಿಕೆಯ ಕೆಳಗೆ ಕುಳಿತುಕೊಳ್ಳಿ. ಅದರ ಕೊಳವೆಯಾಕಾರದ ಹೂವಿಗೆ ಸೂರಕ್ಕಿ ಬರುತ್ತದೆ, ಹಣ್ಣಿಗೆ ಹೆಬ್ಬೆರಳಿನಷ್ಟೇ ಗಾತ್ರದ ಇನ್ನೊಂದು ಹಕ್ಕಿ ಬರುತ್ತದೆ. ಈ ಹಕ್ಕಿ ಅಂಟಂಟಾದ ಬೀಜವನ್ನು ಕೊಂಬೆಗೆ ಒರೆಸಿ ಹೋಗುವುದರಿಂದಲೇ ಹೊಸ ಬದನಿಕೆ ಹುಟ್ಟುತ್ತದೆ. ಕನ್ನಡದಲ್ಲಿ ಆ ಹಕ್ಕಿಯ ಹೆಸರೂ ಬದನಿಕೆಯೇ.

ಹೆಸರು ತಿಳಿಯದ ಗಿಡವನ್ನು ಕೀಳಬೇಡಿ. ಎಲೆಯ ಮೇಲ್ಮೈ ಮತ್ತು ತಳ, ಎಲೆ ಜೋಡಣೆ, ಹೂ, ಕಾಯಿ, ತೊಗಟೆಗಳ ಚಿತ್ರ ತೆಗೆದು ದಿನಾಂಕ ಬರೆದುಕೊಂಡರೆ ತಿಳಿದವರು ಗುರುತಿಸಿ ಹೇಳುತ್ತಾರೆ.

ಕೊನೆಯದಾಗಿ ನೀರಿನ ವಿಷಯ. ಕಾವೇರಿಯಲ್ಲಿ ಮೊಸಳೆಗಳಿವೆ, ಆದ್ದರಿಂದ ಮಡುವಿಗೆ ಇಳಿಯಬಾರದು. ಅಣೆಕಟ್ಟೆಯಿಂದ ನೀರು ಬಿಟ್ಟರೆ ಬಿರುಬಿಸಿಲಿನಲ್ಲೂ ಹೊಳೆ ಏರುತ್ತದೆ. ಕುಳಿತ ಕೂಡಲೇ ನೀರಿನಂಚಿನಲ್ಲಿ ಒಂದು ಬಿಳಿಗಲ್ಲನ್ನು ಗುರುತಿಗೆ ಇಡಿ. ಅದು ಒದ್ದೆಯಾಯಿತೆಂದರೆ, ಎದುರಿಗೆ ಎಂಥ ಹಕ್ಕಿಯೇ ಕುಳಿತಿರಲಿ, ಎದ್ದು ದಡ ಹತ್ತಿ.