ಓಂ ಬೀಚ್ ಬಿಟ್ಟು ಉಪ್ಪಿನ ಗದ್ದೆಗೆ

ನಮ್ಮ ಮಂಡ್ಯದ ಕಡೆ ಗೋಕರ್ಣ ಅಂದರೆ ಎರಡೇ: ದೊಡ್ಡವರಿಗೆ ಮಹಾಬಲೇಶ್ವರ, ಹುಡುಗರಿಗೆ ಓಂ ಬೀಚ್. ನಾವೂ ಎರಡು ಸಲ ಹಾಗೇ ಹೋಗಿ ಬಂದವರು. ಮೂರನೇ ಸಲ ಹೋದದ್ದು ದಸರಾ ರಜೆಯಲ್ಲಿ. ಮರಳಿನ ಮೇಲೆ ಕಾಲಿಡಲು ಜಾಗವಿರಲಿಲ್ಲ. ಹತ್ತಿರದ ಸಾಣಿಕಟ್ಟಾದಲ್ಲಿ ಉಪ್ಪು ಮಾಡುತ್ತಾರೆ ಎಂದು ಕೇಳಿದ್ದೆ, ಎಲ್ಲರನ್ನೂ ಕಾರಿಗೆ ತುಂಬಿಕೊಂಡು ಹೊರಟೆ.

ಹೋದರೆ ಉಪ್ಪೂ ಇಲ್ಲ, ಸೊಪ್ಪೂ ಇಲ್ಲ. ಮಳೆನೀರು ನಿಂತ ಬಯಲು, ನಾಲ್ಕು ಕೊಕ್ಕರೆ. ‘ಇದ್ಕಿಂತ ನಮ್ಮೂರ ಕೆರೆನೇ ಚೆನ್ನಾಗೈತೆ ಕಣಪ್ಪ’ ಅಂದ ಮಗ. ಮಳೆ ಪೂರ್ತಿ ನಿಂತು ಬಿಸಿಲು ಬಲಿತ ಮೇಲಷ್ಟೇ ಅಲ್ಲಿ ಉಪ್ಪು ಕಟ್ಟುವುದು. ವಿಚಾರಿಸದೆ ಹೋದ ತಪ್ಪು ನನ್ನದೇ.

ಪೆಚ್ಚು ಮೋರೆಯಲ್ಲೇ ತದಡಿಗೆ ಹೋಗಿ, ಕಾರು ನಿಲ್ಲಿಸಿ, ಅಘನಾಶಿನಿ ಹೊಳೆಯ ಆಚೆ ದಡದ ಅದೇ ಹೆಸರಿನ ಊರಿಗೆ ದೋಣಿ ಹತ್ತಿದೆವು. ರಸ್ತೆಯಲ್ಲಾದರೆ ಮಿರ್ಜಾನ್, ಕುಮಟಾ ಸುತ್ತಬೇಕು. ಇಳಿತದ ಹೊತ್ತು, ಮೊಣಕಾಲುದ್ದದ ನೀರಲ್ಲಿ ಹೆಂಗಸರು ಬಳಚು ಎನ್ನುವ ಚಿಪ್ಪುಮೀನು ಹೆಕ್ಕುತ್ತಿದ್ದರು. ಹೊಳೆ ಸಮುದ್ರ ಸೇರುವ ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿದೆ. ಪಕ್ಕದಲ್ಲಿ ಕೂತಿದ್ದ ಹಿರಿಯರು ‘ಎಂತಾ ನೋಡೂಕೆ ಬಂದ್ರಿ?’ ಎಂದರು. ಭತ್ತ ಬೆಳೆಯುವವನು ಅಂದೆ. ಹಾಗಾದರೆ ಮಾಣಿಕಟ್ಟಾ ಊರಿನ ಕಗ್ಗ ಭತ್ತ ನೋಡಿಕೊಂಡೇ ಹೋಗಿ ಅಂದರು.

ಮಾರನೇ ದಿನ ಹೋದೆ. ನಿಜ ಹೇಳಬೇಕೆಂದರೆ, ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ. ನಾಲೆ ನೀರು ನಿಂತೂ ನಿಂತೂ ನನ್ನ ಹತ್ತು ಗುಂಟೆ ಚೌಳು ಹತ್ತಿದೆ. ನೆಲ ಬೂದಿ ಬಳಿದ ಹಾಗೆ, ನಾಟಿ ಹಾಕಿದ ಪೈರೆಲ್ಲ ಸುಟ್ಟುಕೊಳ್ಳುತ್ತದೆ. ಇಲ್ಲಿ ನೋಡಿದರೆ ಸಮುದ್ರದ ನೀರು ಬಂದುಹೋಗುವ ತಗ್ಗಿನಲ್ಲೇ ಎದೆಮಟ್ಟದ ಭತ್ತ! ಆ ತಗ್ಗು ಗದ್ದೆಗೆ ಅವರು ಗಜನಿ ಅನ್ನುತ್ತಾರೆ. ಮುಂಗಾರು ಮಳೆ ಉಪ್ಪನ್ನು ತೊಳೆದು ತೆಳ್ಳಗೆ ಮಾಡುತ್ತದೆ, ಅಷ್ಟರೊಳಗೆ ಬೆಳೆ ಎದ್ದುಬಿಡಬೇಕು. ಗೊಬ್ಬರವಿಲ್ಲ, ಔಷಧಿಯಿಲ್ಲ. ತೆನೆಗೆ ಉದ್ದುದ್ದ ಮೀಸೆ, ಹಕ್ಕಿಗೂ ಸುಲಭದ ತುತ್ತಲ್ಲ. ಕೊಯ್ಲಾದ ಮೇಲೆ ತೂಬು ತೆರೆದರೆ ಉಬ್ಬರದ ಜೊತೆ ಸಿಗಡಿ, ಮೀನು ಒಳಗೆ. ಒಂದೇ ಗದ್ದೆಯಲ್ಲಿ ಅನ್ನವೂ ಆಯಿತು, ಸಾರೂ ಆಯಿತು! ಒಂದು ಹಿಡಿ ಬೀಜ ಕೇಳಿದೆ, ಕೊಟ್ಟರು. ನಮ್ಮ ಚೌಳೇ ಬೇರೆ, ಅವರ ಉಪ್ಪೇ ಬೇರೆ ಅಂತ ಗೊತ್ತಿದ್ದೂ ಕೇಳಿದೆ ಅನ್ನಿ.

ಉಪ್ಪಿಗೆಂದೇ ಮಾರ್ಚಿಯಲ್ಲಿ ಮತ್ತೆ ಹೋದೆವು, ಈ ಸಲ ನಾನೂ ಹೆಂಡತಿಯೂ ಮಾತ್ರ. ಬೆಳಿಗ್ಗೆ ಎಂಟರೊಳಗೆ ತಲುಪಬೇಕು, ಆಮೇಲೆ ಕಣ್ಣು ಬಿಡಲಾಗದಷ್ಟು ಝಳ. ಉಬ್ಬರದ ನೀರನ್ನು ಕಟ್ಟೆ ಕಟ್ಟಿ ನಿಲ್ಲಿಸಿ, ಒಂದು ಮಡಿಯಿಂದ ಇನ್ನೊಂದಕ್ಕೆ ಹರಿಸುತ್ತಾ ಬಿಸಿಲಿಗೆ ಇಂಗಿಸುತ್ತಾರೆ. ಕೊನೆಯ ಮಡಿಯಲ್ಲಿ ಹರಳು ಕಟ್ಟಿದ್ದನ್ನು ಎಳೆದು ಗುಡ್ಡೆ ಹಾಕುತ್ತಾರೆ. ಬದುವಿನ ಮೇಲೆ ಕಾಲಿಡುವ ಮುಂಚೆ ಕೇಳಿ. ಕೇಳದೆ ಇಟ್ಟು ನಾನು ಬೈಸಿಕೊಂಡೆ.

ಐದು ಕೆಜಿ ಕಲ್ಲುಪ್ಪು ಕೊಂಡು ತಂದೆವು. ಮನೆಯಲ್ಲಿ ಬಸ್ಸಾರಿಗೆ ಈಗ ಅದೇ ಉಪ್ಪು. ಕಗ್ಗದ ಬೀಜವನ್ನು ಜೂನಿನಲ್ಲಿ ಚೌಳಿನ ಮೂಲೆಗೆ ಚೆಲ್ಲಿದ್ದೆ. ಮೊಳೆತದ್ದರಲ್ಲಿ ಹನ್ನೊಂದು ಬುಡ ಉಳಿದಿವೆ. ಅಣ್ಣ ದಿನಾ ಬಂದು ಎಣಿಸಿ ನಗುತ್ತಾನೆ.