ನಾಯಿಗೆ ನೀರಿನ ಬಟ್ಟಲು: ಯಾವುದು ತಗೊಳ್ಳೋದು?

ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಲ್ವಾ, ನಾಯಿಗೆ ಇಡೀ ದಿನ ನೀರು ಸಿಗಲೇಬೇಕು. ಒಂದು ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 50–60 ಮಿ.ಲೀ. ಲೆಕ್ಕ. 20 ಕೆಜಿ ನಾಯಿಗೆ ಒಂದು ಲೀಟರಾದರೂ ಬೇಕು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಎರಡು ಲೀಟರ್ ಹಿಡಿಯುವ ಬಟ್ಟಲನ್ನೇ ತಗೊಳ್ಳಿ.

ನನ್ನ ಕೇಳಿದರೆ ಸ್ಟೀಲೇ ಒಳ್ಳೆಯದು. ಪ್ಲಾಸ್ಟಿಕ್ ಬೇಡವೇ ಬೇಡ. ಹಲ್ಲು ತಾಗಿ ಗೀರು ಬೀಳುತ್ತದೆ, ಆ ಗೀರಿನೊಳಗೆ ಲೋಳೆ ಕೂತು ರೋಗಾಣು ಬೆಳೆಯುತ್ತವೆ, ಆಮೇಲೆ ಎಷ್ಟು ತಿಕ್ಕಿದರೂ ಪೂರ್ತಿ ಹೋಗಲ್ಲ, ಮರಿಗಳಂತೂ ಅಂಚು ಕಚ್ಚಿ ಚೂರು ನುಂಗಿಬಿಡುತ್ತವೆ. ಅಂಗಡಿಯಲ್ಲೇ ಅಂಚಿನ ಮೇಲೆ ಬೆರಳು ಆಡಿಸಿ ನೋಡಿ, ಚೂಪಾಗಿರಬಾರದು. ತಳ ಅಗಲವಾಗಿರಲಿ, ಕೆಳಗೆ ರಬ್ಬರ್ ಇದ್ದರೆ ಜಾರಲ್ಲ. ಪಿಂಗಾಣಿಯೂ ಆಗುತ್ತದೆ, ಆದರೆ ಬಿರುಕು ಬಿಟ್ಟ ದಿನವೇ ಎಸೆಯಿರಿ.

ಬೆಕ್ಕಿಗಾದರೆ ಅಗಲವಾದ, ಆಳ ಕಡಿಮೆ ಇರುವ ಬಟ್ಟಲು.

ಬೋರ್‌ವೆಲ್ ನೀರಿಗೆ ಬಟ್ಟಲಿನ ಒಳಗೆ ಬಿಳಿ ಪದರ ಕಟ್ಟುತ್ತಲ್ಲ, ಅದಕ್ಕೆ ನೆನೆಸಿದ ಹುಣಸೆಹಣ್ಣು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿ. ಸುಮ್ನೆ ಮೇಲಿಂದ ಮೇಲೆ ನೀರು ತುಂಬಿಸಬೇಡಿ, ದಿನಾ ತೊಳೆಯಿರಿ. ಸ್ಟೀಲ್ ಬಿಸಿಲಿಗೆ ಬೇಗ ಕಾಯುತ್ತದೆ, ನೆರಳಲ್ಲೇ ಇಡಿ.